ಒಂದೇ ಹಾಳೆ ಪ್ಲೈವುಡ್‌ನಲ್ಲಿ ಆರಡಿ ಕಪಾಟು: ಮುಂಬೈ ಮನೆಗೆ ಸಮಗ್ರ ಮಾರ್ಗದರ್ಶಿ

ಮುಂಬೈಯಲ್ಲಿ ಪ್ಲೈವುಡ್ ಕಪಾಟು ಕೆಡಲು ಶುರುವಾಗುವುದು ಅಂಚಿನಿಂದ. ನೆಲ ಒರೆಸಿದ ನೀರನ್ನು ಬುಡದ ಅಂಚು ಹೀರಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಯ ತೇವ ಬೆನ್ನಿಗೆ ಹತ್ತುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪದರಗಳು ಉಬ್ಬಿ, ಬಾಗಿಲು ಒಂದಕ್ಕೊಂದು ತಾಗತೊಡಗುತ್ತದೆ. ಇಲ್ಲಿ ಕೊಟ್ಟಿರುವ ಕಪಾಟನ್ನು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ಅಳತೆ ಮಾಡಿದೆ: ಬುಡ ನೆಲಕ್ಕೆ ತಾಗುವುದಿಲ್ಲ, ಬೆನ್ನು ಗೋಡೆಗೆ ತಾಗುವುದಿಲ್ಲ, ಬರಿಯ ಅಂಚು ಎಲ್ಲಿಯೂ ಉಳಿಯುವುದಿಲ್ಲ.

ಅಗಲ 600 ಮಿಮೀ, ಆಳ 300 ಮಿಮೀ, ಕಾಲು ಸೇರಿ ಎತ್ತರ 1836 ಮಿಮೀ, ಅಂದರೆ ಸುಮಾರು ಆರಡಿ. ಕೆಳಭಾಗಕ್ಕೆ ಎರಡು ಬಾಗಿಲು, ಮೇಲೆ ತೆರೆದ ಗೂಡುಗಳು. ಡೊಂಬಿವಲಿಯ ಒಂದು ಕೋಣೆ–ಅಡುಗೆಮನೆಯಲ್ಲಿ ಬಾಗಿಲ ಹಿಂದಿನ ಜಾಗಕ್ಕೂ, ಮಾಟುಂಗದ ಹಳೆಯ ಕಟ್ಟಡದ ಮೊಗಸಾಲೆಗೂ ಈ ಅಳತೆ ಹೊಂದುತ್ತದೆ. ದವಸದ ಡಬ್ಬಿ, ಮಕ್ಕಳ ಪುಸ್ತಕ, ಹಾಸಿಗೆ ಹೊದಿಕೆ ಯಾವುದನ್ನು ಬೇಕಾದರೂ ಇಡಬಹುದು. ಬಡಗಿ ಕೆಲಸ ಹೊಸದಾಗಿ ಕಲಿಯುವವರಿಗೆ ಎರಡು ವಾರಾಂತ್ಯ ಹಿಡಿಯುವ ಕೆಲಸ. ಬಣ್ಣ ಒಣಗುವ ಕಾಲ ಇದಕ್ಕೆ ಸೇರಿಲ್ಲ.

ಪ್ಲೈ ಆರಿಸುವುದು

ಬೇಕಾದ್ದು 18 ಮಿಮೀ ದಪ್ಪದ 8×4 ಅಡಿಯ ಒಂದು ಹಾಳೆ, ಬೆನ್ನಿಗೆ 6 ಮಿಮೀ ದಪ್ಪದ 6×3 ಅಡಿಯ ಒಂದು ಹಾಳೆ.

ಹಾಳೆಯ ಮೇಲೆ ಐಎಸ್‌ಐ ಗುರುತು, ಅದರ ಕೆಳಗೆ ಪರವಾನಗಿ ಸಂಖ್ಯೆ, ಜೊತೆಗೆ ದರ್ಜೆ ಅಚ್ಚಾಗಿರಬೇಕು. ಭಾರತೀಯ ಮಾನಕ ಐಎಸ್ 303 ಅಡಿಯಲ್ಲಿ ಎಂಆರ್ (ತೇವ ತಡೆಯುವುದು) ಮತ್ತು ಬಿಡಬ್ಲ್ಯುಆರ್ (ಕುದಿನೀರು ತಡೆಯುವುದು) ಎಂಬ ಎರಡು ದರ್ಜೆಗಳಿವೆ. ಮರೈನ್ ಪ್ಲೈಗೆ ಐಎಸ್ 710. ಎಂಆರ್ ಪ್ಲೈಯಲ್ಲಿ ಪದರಗಳನ್ನು ಅಂಟಿಸಿರುವುದು ಯೂರಿಯಾ ರಾಳದಿಂದ. ಅದು ಗಾಳಿಯ ತೇವ ತಡೆಯುತ್ತದೆ, ನೀರು ನಿಂತರೆ ಬಿಡುತ್ತದೆ. ಬಿಡಬ್ಲ್ಯುಆರ್ ಮತ್ತು ಮರೈನ್‌ನಲ್ಲಿರುವುದು ಫಿನಾಲ್ ರಾಳ. ಮರೈನ್ ಪ್ಲೈಯ ತುಂಡನ್ನು ಪರೀಕ್ಷೆಯಲ್ಲಿ 72 ಗಂಟೆ ಕುದಿಸುತ್ತಾರೆ. ಕೋಣೆಯೊಳಗಿನ ಕಪಾಟಿಗೆ ಅಷ್ಟು ಬೇಕಿಲ್ಲ, ಬಿಡಬ್ಲ್ಯುಆರ್ ಸಾಕು. ಅಡುಗೆಮನೆಯ ಸಿಂಕಿನ ಪಕ್ಕಕ್ಕೋ ಬಚ್ಚಲಿನ ಗೋಡೆಗೋ ಇಡುವುದಾದರೆ ಮಾತ್ರ ಮರೈನ್‌ಗೆ ಹಣ ಹಾಕಿ. ಎಂಆರ್ ಬೇಡ. ಕಡಲ ಗಾಳಿಯ ಊರಿನಲ್ಲಿ ಆ ಉಳಿತಾಯ ಲಾಭದ್ದಲ್ಲ. ಮಳೆಗಾಲದಲ್ಲಿ ಕಿಟಕಿ ಮುಚ್ಚಿಯೇ ಇರುವ ಸಣ್ಣ ಕೋಣೆಯಾದ್ದರಿಂದ, ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆ ಸಿಕ್ಕರೆ ಅದನ್ನೇ ಕೇಳಿ.

ಅಂಗಡಿಯಲ್ಲಿ ಹಾಳೆಯನ್ನು ಗೋಡೆಗೆ ಒರಗಿಸಿಟ್ಟಂತೆಯೇ ನೋಡಿ ಒಪ್ಪಬೇಡಿ. ಉದ್ದದ ಅಂಚಿಗೆ ಕಣ್ಣು ಹಚ್ಚಿ, ಡೊಂಕು ಇದೆಯೇ ನೋಡಿ. ನಾಲ್ಕು ಅಂಚುಗಳಲ್ಲಿ ಪದರಗಳ ನಡುವೆ ಕಪ್ಪು ಸಂದಿ ಕಂಡರೆ ಒಳಗೆ ಪೊಳ್ಳಿದೆ ಎಂದರ್ಥ. ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ. ಒಂದು ಕಡೆ ಡಬಡಬ ಎಂದರೆ ಅಲ್ಲಿ ಪೊಳ್ಳು. ಕರ್ಣಗಳನ್ನು ಅಳೆಯಿರಿ: 2440×1220 ಮಿಮೀ ಹಾಳೆಗೆ ಎರಡೂ ಕರ್ಣ 2728 ಮಿಮೀ ಬರಬೇಕು. ಎರಡರ ನಡುವೆ 3 ಮಿಮೀಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಹಾಳೆಯ ಮೂಲೆ ನೇರವಿಲ್ಲ. ಸಣ್ಣ ಸಣ್ಣ ತೂತು, ಅದರ ಕೆಳಗೆ ಹಿಟ್ಟಿನಂಥ ಹುಡಿ ಕಂಡರೆ ಕುಟ್ಟೆ ಹುಳು ಹತ್ತಿದೆ. ಅಂಥದ್ದನ್ನು ಮನೆಯೊಳಗೇ ತರಬೇಡಿ.

ದಪ್ಪವನ್ನು ಕ್ಯಾಲಿಪರ್‌ನಿಂದ ನೀವೇ ಅಳೆಯಿರಿ. 18 ಎಂದು ಮಾರುವುದು 17 ಇರಬಹುದು, 19 ಇರಬಹುದು. ಮುಂದೆ ಬರುವ ಒಂದು ಅಳತೆ ಪೂರ್ತಿ ಇದರ ಮೇಲೆ ನಿಂತಿದೆ: ನಡುವಿನ ಸ್ಥಿರ ಹಲಗೆಯ ಉದ್ದ = 600 ಕಳೆ ಎರಡು ದಪ್ಪ. 18 ಆದರೆ 564, 17 ಆದರೆ 566, 19 ಆದರೆ 562. ಪಿನ್ನಿನ ಮೇಲೆ ಎತ್ತಿಡುವ ಹಲಗೆಗಳು ಅದಕ್ಕಿಂತ 3 ಮಿಮೀ ಕಮ್ಮಿ. ಈ ಲೆಕ್ಕ ಮಾಡದೆ ನಕ್ಷೆಯ ಅಂಕಿಯನ್ನೇ ಕೊಯ್ಸಿದರೆ ಬಾಗಿಲು ಕೂರಿಸುವ ದಿನ ಅಗಲ ಹೊಂದುವುದಿಲ್ಲ.

ಹಲಗೆಗೆ 12 ಮಿಮೀ ಸಾಲದೇ ಎಂದು ಅಂಗಡಿಯವರೇ ಹೇಳಬಹುದು. ಹಲಗೆಯ ಗಟ್ಟಿತನ ದಪ್ಪದ ಘನಕ್ಕೆ ಅನುಗುಣ. 18 ಬಿಟ್ಟು 12 ಹಾಕಿದರೆ ಗಟ್ಟಿತನ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ, ಪುಸ್ತಕ ಇಟ್ಟ ಮೇಲೆ ನಡು ಜೋಲುತ್ತದೆ. 18 ಮಿಮೀ ಹಲಗೆ 564 ಮಿಮೀ ಅಂತರದಲ್ಲಿ ಪುಸ್ತಕದ ಭಾರಕ್ಕೆ ಜಗ್ಗುವುದಿಲ್ಲ. 800 ಮಿಮೀ ದಾಟಿದರೆ ಅದೂ ಜಗ್ಗುತ್ತದೆ, ಕಪಾಟನ್ನು ಅಗಲ ಮಾಡುವ ಆಸೆಯಿದ್ದವರಿಗೆ ಇದು ನೆನಪಿರಲಿ.

ಹಾಳೆಯಿಂದ ತುಂಡುಗಳು

ಹಾಳೆಯನ್ನು ಮೊದಲು ಉದ್ದಕ್ಕೆ ಸೀಳಿಸಿ, 300 ಮಿಮೀ ಅಗಲದ ನಾಲ್ಕು ಪಟ್ಟಿ ಮಾಡಿಸಬೇಕು. ಗರಗಸದ ಬಾಯಿ ಒಂದು ಸಲಕ್ಕೆ 3ರಿಂದ 4 ಮಿಮೀ ತಿನ್ನುತ್ತದೆ; ಮೂರು ಸೀಳಿಗೆ 12 ಎಂದು ಹಿಡಿದರೆ 1200 + 12 = 1212. ಹಾಳೆ 1220 ಇರುವುದರಿಂದ 8 ಮಿಮೀ ಉಳಿಯುತ್ತದೆ. ಕಾರ್ಖಾನೆಯ ಅಂಚು ಜಜ್ಜಿ ಹೋಗಿದ್ದರೆ ಅದನ್ನು ಸವರಿಸಲು ಈ 8 ಮಿಮೀ ಸಾಲದು. ಆಗ ನಾಲ್ಕೂ ಪಟ್ಟಿಯನ್ನು 297 ಮಾಡಿಸಿ. ಕಪಾಟಿನ ಆಳ 3 ಮಿಮೀ ಕಮ್ಮಿಯಾದರೆ ಏನೂ ತೊಂದರೆಯಿಲ್ಲ, ನಾಲ್ಕೂ ಒಂದೇ ಅಗಲ ಇರುವುದು ಮುಖ್ಯ.

ಪಟ್ಟಿಗಳನ್ನು ಅಡ್ಡಕ್ಕೆ ಕೊಯ್ಸುವ ಅಳತೆ, ಮಿಮೀಗಳಲ್ಲಿ:

ಮೊದಲ ಪಟ್ಟಿ: ಎಡಬದಿ 1700, ಮೇಲ್ಹಲಗೆ 599 (ಎರಡು ತುದಿಗೂ ತೆಳು ಮರದ ವಿನೀರ್ ಪಟ್ಟಿ ಹಚ್ಚಿದಾಗ 600 ಆಗುತ್ತದೆ).
ಎರಡನೆಯದು: ಬಲಬದಿ 1700, ತಳಹಲಗೆ 599.
ಮೂರನೆಯದು: ನಡುವಿನ ಸ್ಥಿರ ಹಲಗೆ 564, ಎತ್ತಿಡುವ ಹಲಗೆ 561ರಂತೆ ಮೂರು.
ನಾಲ್ಕನೆಯದು: ಬಾಗಿಲು 700ರಂತೆ ಎರಡು, ಎತ್ತಿಡುವ ಹಲಗೆ 561 ಒಂದು.

ಕೊನೆಗೆ ಎರಡು ಬಾಗಿಲುಗಳ ಅಗಲವನ್ನು 300ರಿಂದ 296ಕ್ಕೆ, ನಾಲ್ಕು ಎತ್ತಿಡುವ ಹಲಗೆಗಳ ಅಗಲವನ್ನು 290ಕ್ಕೆ ಸವರಿಸಿ. ಬೆನ್ನಿನ 6 ಮಿಮೀ ಹಾಳೆ 598×1734. ಉಳಿದ ತುಂಡುಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ತೂತು ಕೊರೆಯುವ ಅಚ್ಚಿಗೆ, ಗೋಡೆಯ ಅಂತರಕ್ಕೆ, ಬಣ್ಣ ಪರೀಕ್ಷೆಗೆ ಎಲ್ಲಕ್ಕೂ ಅವು ಬೇಕು.

ಇಲ್ಲಿ ಜನ ಎಡವುವುದು ಅಡಿ–ಇಂಚಿನಲ್ಲಿ. ಬಡಗಿಗಳು ಇಂಚು, ಸೂತಿನಲ್ಲಿ ಮಾತಾಡುತ್ತಾರೆ. ಒಂದು ಇಂಚಿಗೆ 8 ಸೂತು. ನೀವು 600 ಎಂದದ್ದನ್ನು ಅವರು ಎರಡಡಿ ಎಂದು ಬರೆದುಕೊಂಡರೆ ತುಂಡು 610 ಬರುತ್ತದೆ. ಚೀಟಿಯಲ್ಲಿ ಮಿಮೀ ಅಷ್ಟೇ ಬರೆಯಿರಿ, ಮೊದಲ ತುಂಡು ಕೊಯ್ದಾಗ ನಿಮ್ಮ ಟೇಪಿನಿಂದ ಅಳೆದು ನೋಡಿ, ಆಮೇಲೆ ಮುಂದುವರಿಯಲು ಹೇಳಿ.

ಎರಡು ಬದಿಗಳನ್ನು ಒಂದರ ಮೇಲೊಂದಿಟ್ಟು ಒಟ್ಟಿಗೇ ಕೊಯ್ಸಿದರೆ ಉದ್ದ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗುವುದಿಲ್ಲ. 1700 ಎಂಬುದು 1699 ಆದರೂ ಕಪಾಟು ನಿಲ್ಲುತ್ತದೆ. ಒಂದು ಬದಿ 1700, ಇನ್ನೊಂದು 1698 ಆದರೆ ಓರೆಯಾಗುತ್ತದೆ.

ಎಲ್ಲಿ ಕೊಯ್ಸುವುದು

ಸಾಧ್ಯವಿದ್ದರೆ ಅಂಗಡಿಯಲ್ಲೇ, ಮೇಜಿನ ಮೇಲೆ ಜಾರುವ ದೊಡ್ಡ ಯಂತ್ರದಲ್ಲಿ ಕೊಯ್ಸಿ. ಇಡೀ ಹಾಳೆ ಸುಮಾರು 35 ಕಿಲೋ ತೂಗುತ್ತದೆ, ಎಂಟಡಿ ಉದ್ದ ಬಹುತೇಕ ಕಟ್ಟಡಗಳ ಲಿಫ್ಟಿನಲ್ಲಿ ಹಿಡಿಯುವುದಿಲ್ಲ. ತುಂಡುಗಳಾದರೆ 1700ರದ್ದೂ ನಿಂತುಕೊಂಡು ಬರುತ್ತದೆ. ಪುಣೆಯವರಿಗೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಈ ಕೆಲಸಕ್ಕೆ ಅನುಕೂಲ. ಮುಂಬೈಯಲ್ಲಿ ಉಪನಗರದ ಪ್ಲೈ ಅಂಗಡಿಗಳ ಹತ್ತಿರವೇ ಕೊಯ್ಯುವ ಯಂತ್ರವಿರುವವರು ಸಿಗುತ್ತಾರೆ. ಸ್ಕ್ರೂ, ಡ್ರಿಲ್ ಬಿಟ್, ಕ್ಲಾಂಪುಗಳಿಗೆ ಮಸ್ಜಿದ್ ಬಂದರಿನ ನಾಗದೇವಿ ಬೀದಿಗೆ ಹೋದರೆ ಒಂದೇ ಸುತ್ತಿನಲ್ಲಿ ಎಲ್ಲವೂ ಸಿಗುತ್ತದೆ, ಭಾನುವಾರ ಹೋಗಬೇಡಿ.

ಮನೆಯಲ್ಲೇ ಕೊಯ್ಯಬೇಕಾದರೆ ಸರ್ಕ್ಯುಲರ್ ಗರಗಸಕ್ಕೆ 60 ಹಲ್ಲಿನ ಟಿಸಿಟಿ (ಟಂಗ್‌ಸ್ಟನ್ ಕಾರ್ಬೈಡ್ ಮೊನೆಯ) ಬ್ಲೇಡ್ ಹಾಕಿ. ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಗರಗಸದ ಹಲ್ಲು ಕೆಳಗಿನಿಂದ ಮೇಲಕ್ಕೆ ಏಳುವುದರಿಂದ ಸಿಬಿರು ಏಳುವುದು ಮೇಲಿನ ಮುಖದಲ್ಲಿ. ಹಾಗಾಗಿ ಒಳ್ಳೆಯ ಮುಖ ಕೆಳಗಿರಲಿ. ಜಿಗ್‌ಸಾಗೂ ಇದೇ ಮಾತು. ಮೇಜಿನ ಗರಗಸದಲ್ಲಿ ಮತ್ತು ಕೈಗರಗಸದಲ್ಲಿ ತಿರುವುಮುರುವು, ಒಳ್ಳೆಯ ಮುಖ ಮೇಲಿರಬೇಕು. ಗೆರೆಯ ಮೇಲೆ ಕಾಗದದ ಟೇಪ್ ಅಂಟಿಸಿ, ಚೂಪು ಚಾಕುವಿನಿಂದ ಗೆರೆಯನ್ನೊಮ್ಮೆ ಕೊರೆದರೆ ಅಡ್ಡಕೊಯ್ತದಲ್ಲೂ ಸಿಬಿರು ಹೆಚ್ಚು ಏಳುವುದಿಲ್ಲ. ಕಲ್ಲು ಕೊಯ್ಯುವ ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ ಬಳಸುವುದನ್ನು ನಗರದಲ್ಲೆಲ್ಲ ಕಾಣುತ್ತೇವೆ. ಅದರ ವೇಗ ಹೆಚ್ಚು, ರಕ್ಷಣೆಯ ಮುಚ್ಚಳ ಮರಕ್ಕೆಂದು ಮಾಡಿದ್ದಲ್ಲ, ಬ್ಲೇಡ್ ಸಿಕ್ಕಿಹಾಕಿಕೊಂಡರೆ ಯಂತ್ರ ಕೈಮೇಲೆ ಹಿಂದಕ್ಕೆ ಹಾರುತ್ತದೆ. ಕಲಿಯುವವರು ಅದನ್ನು ಮುಟ್ಟಬಾರದು.

ಹಾಳೆಯ ಧೂಳಿನಲ್ಲಿ ರಾಳವೂ ಇರುತ್ತದೆ. ಎನ್95 ಮಾಸ್ಕ್, ಕನ್ನಡಕ ಹಾಕಿಕೊಳ್ಳಿ. ಗರಗಸವನ್ನು 16 ಆಂಪಿಯರ್ ಪ್ಲಗ್ಗಿಗೆ ಹಾಕಿ. ಸದ್ದಿನ ಕೆಲಸಕ್ಕೆ ಸೊಸೈಟಿಯಲ್ಲಿ ಸಮಯ ಗೊತ್ತುಮಾಡಿರುತ್ತಾರೆ, ಮಧ್ಯಾಹ್ನದ ವಿಶ್ರಾಂತಿಯ ಹೊತ್ತನ್ನು ಬಿಟ್ಟಿರುತ್ತಾರೆ. ಶುರುಮಾಡುವ ಮುನ್ನ ಕಚೇರಿಗೆ ತಿಳಿಸಿ, ಕೆಳಮನೆಯವರಿಗೂ ಒಂದು ಮಾತು ಹೇಳಿ.

ತುಂಡುಗಳು ಮನೆಗೆ ಬಂದ ಮೇಲೆ ಗೋಡೆಗೆ ಒರಗಿಸಬೇಡಿ, ಬಾಗುತ್ತವೆ. ನೆಲದ ಮೇಲೆ ಅಡ್ಡಪಟ್ಟಿಗಳನ್ನಿಟ್ಟು, ಅವುಗಳ ಮೇಲೆ ಮಲಗಿಸಿ ಎರಡು ಮೂರು ದಿನ ಮನೆಯ ಗಾಳಿಗೆ ಹೊಂದಿಕೊಳ್ಳಲು ಬಿಡಿ.

ಬೇಕಾಗುವ ಸಾಮಾನು

ಡ್ರಿಲ್ ಯಂತ್ರ, 3, 4.5 ಮತ್ತು 5 ಮಿಮೀ ಬಿಟ್‌ಗಳು, ಸ್ಕ್ರೂ ತಲೆ ಮುಳುಗಿಸುವ ಕೌಂಟರ್‌ಸಿಂಕ್ ಬಿಟ್, ಹಿಂಜ್‌ಗೆ 35 ಮಿಮೀ ಬಿಟ್, 800 ಮಿಮೀ ಬಾಯಿ ತೆರೆಯುವ ಎರಡು ಕ್ಲಾಂಪ್, ಮೂಲೆಮಟ್ಟ, ಉಳಿ, 120, 180, 320 ನಂಬರಿನ ಉಜ್ಜುಕಾಗದ, ಹಳೆಯ ಇಸ್ತ್ರಿಪೆಟ್ಟಿಗೆ.

8 ನಂಬರಿನ 50 ಮಿಮೀ ಸ್ಕ್ರೂ 18, ಹೆಚ್ಚುವರಿಯಾಗಿ ನಾಲ್ಕೈದು. ಬೆನ್ನಿಗೆ 6 ನಂಬರಿನ 25 ಮಿಮೀ ಸ್ಕ್ರೂ 40. ಕಾಲು ಮತ್ತು ಹಿಂಜ್‌ಗೆ 16 ಮಿಮೀ ಸ್ಕ್ರೂ 40. ಎತ್ತರ ಹೊಂದಿಸಬಲ್ಲ 100 ಮಿಮೀ ಪಿವಿಸಿ ಕಾಲು 4. ಹಲಗೆ ಹೊರುವ 5 ಮಿಮೀ ಪಿನ್ನು 16. ಪೂರ್ತಿ ಮುಚ್ಚುವ ಬಾಗಿಲಿನ, ಅಂದರೆ 0 ಕ್ರ್ಯಾಂಕ್‌ನ ಹಿಂಜ್ 4. ಅಂಗಡಿಯಲ್ಲಿ 0, 8, 16 ಎಂದು ಮೂರು ಬಗೆ ಇಟ್ಟಿರುತ್ತಾರೆ. 16 ಚೌಕಟ್ಟಿನೊಳಗೆ ಕೂರುವ ಬಾಗಿಲಿಗೆ, ಇಲ್ಲಿ ಅದು ಹೊಂದುವುದಿಲ್ಲ. 75 ಮಿಮೀ ಎಲ್ ಆಕಾರದ ಬ್ರಾಕೆಟ್ 2. ನೀರು ತಡೆಯುವ ಬಗೆಯ ಬಿಳಿ ಅಂಟು ಅರ್ಧ ಕಿಲೋ. 22 ಮಿಮೀ ಅಗಲದ ಮರದ ವಿನೀರ್ ಪಟ್ಟಿ 14 ಮೀಟರ್.

ಹಿಂಜ್ ಮತ್ತು ಸ್ಕ್ರೂ ಎರಡೂ 304 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ. ಜಿಪ್ಸಮ್ ಛಾವಣಿಗೆ ಹೊಡೆಯುವ ಕಪ್ಪು ಸ್ಕ್ರೂ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಅದು ಪೆಡಸು, ಬಿಗಿಯುವಾಗಲೇ ತಲೆ ಮುರಿಯುತ್ತದೆ, ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಗೋವಾದವರಿಗೂ ಇದೇ ಮಾತು.

ಅಂಚು ಮುಚ್ಚುವುದು

ಕೆಲಸದ ಜೀವಾಳ ಇದು, ಅವಸರ ಬೇಡ. ಪಟ್ಟಿ ಬೇಕಾಗುವ ಅಂಚುಗಳು: ಎರಡು ಬದಿಗಳ ಮುಂದಿನ ಉದ್ದಂಚು, ಮೇಲ್ಹಲಗೆ, ತಳಹಲಗೆಗಳ ಮುಂದಂಚು ಮತ್ತು ಎರಡೂ ತುದಿ, ಸ್ಥಿರ ಹಲಗೆಯ ಮತ್ತು ಎತ್ತಿಡುವ ನಾಲ್ಕು ಹಲಗೆಗಳ ಮುಂದಂಚು, ಬಾಗಿಲುಗಳ ನಾಲ್ಕೂ ಅಂಚು. ಕೂಡಿದರೆ 12.6 ಮೀಟರ್ ಆಗುತ್ತದೆ, ತುದಿ ಕತ್ತರಿಸಿ ಹೋಗುವುದಕ್ಕೆಂದು 14.

ಅಂಚನ್ನು 120 ನಂಬರಿನ ಕಾಗದವನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. ಬರಿಗೈಯಿಂದ ಉಜ್ಜಿದರೆ ಅಂಚು ದುಂಡಗಾಗಿ ಪಟ್ಟಿಯ ತುದಿ ಮೇಲೆದ್ದೇ ಇರುತ್ತದೆ. ಒಳಗೆ ಸಂದಿ ಕಂಡಲ್ಲಿ ಮರದ ಪುಟ್ಟಿ ತುಂಬಿ, ಒಣಗಿಸಿ, ಮತ್ತೆ ಉಜ್ಜಿ. ಈಗ ಅಂಚಿಗೂ ಪಟ್ಟಿಯ ಬೆನ್ನಿಗೂ ಬಿಳಿ ಅಂಟನ್ನು ತೆಳ್ಳಗೆ ಹಚ್ಚಿ. ಬರಿಯ ಅಂಚು ಮೊದಲ ಕೈಯನ್ನು ಹೀರಿಬಿಡುತ್ತದೆ. ಒಣಗಿದ ಮೇಲೆ ಅದಕ್ಕೆ ಎರಡನೇ ಕೈ ಕೊಡಿ. ಅಂಟು ಪೂರ್ತಿ ಪಾರದರ್ಶಕವಾಗಿ, ಮುಟ್ಟಿದರೆ ಅಂಟದಂತಾದಾಗ ಪಟ್ಟಿಯನ್ನು ಕೂರಿಸಿ, ಹತ್ತಿಬಟ್ಟೆಯ ಬಿಸಿಯಲ್ಲಿಟ್ಟ ಇಸ್ತ್ರಿಪೆಟ್ಟಿಗೆಯನ್ನು ನಿಧಾನ ಎಳೆಯಿರಿ; ಹಬೆ ಬೇಡ. ಬಿಸಿಗೆ ಅಂಟು ಮತ್ತೆ ಕರಗಿ ಹಿಡಿಯುತ್ತದೆ. ಪೆಟ್ಟಿಗೆಯ ಹಿಂದೆಯೇ ಮರದ ತುಂಡಿನಿಂದ ಒತ್ತುತ್ತಾ ಬನ್ನಿ, ತಣಿಯುವವರೆಗೂ ಒತ್ತಡ ಬೇಕು. ಪಟ್ಟಿ ಮಧ್ಯೆ ಗುಳ್ಳೆಯಾದರೆ ಅಲ್ಲಿ ಅಂಟು ಸಾಲದು ಅಥವಾ ಒಣಗಿರಲಿಲ್ಲ. ಮತ್ತೊಮ್ಮೆ ಬಿಸಿ ಕೊಟ್ಟು ಒತ್ತಿ.

ಎರಡು ಪಕ್ಕಕ್ಕೆ ಹೊರಬಂದ ವಿನೀರನ್ನು ಉಳಿಯಿಂದ ಸವರುವಾಗ ಎಳೆ ಯಾವ ಕಡೆ ಓಡಿದೆ ನೋಡಿ. ಎದುರೆಳೆಗೆ ಉಳಿ ಹಿಡಿದರೆ ಪಟ್ಟಿ ಒಳಕ್ಕೆ ಸೀಳುತ್ತದೆ. ಆ ಲಕ್ಷಣ ಕಂಡ ಕೂಡಲೇ ನಿಲ್ಲಿಸಿ ಇನ್ನೊಂದು ತುದಿಯಿಂದ ಬನ್ನಿ. ಕೊನೆಗೆ 180ರ ಕಾಗದದಿಂದ ಮೂಲೆಯನ್ನು ಎರಡು ಸಲ ಸವರಿದರೆ ಸಾಕು.

ಪಟ್ಟಿ ಬಾರದ ಅಂಚುಗಳನ್ನು, ಅಂದರೆ ಹಿಂದಿನ ಅಂಚುಗಳು, ಬದಿಗಳ ಮೇಲೆ–ಕೆಳಗಿನ ತುದಿಗಳು ಇವನ್ನು ಮರೆಯಬೇಡಿ. ಹಿಂದಿನ ಅಂಚುಗಳಿಗೆ, ಎತ್ತಿಡುವ ಹಲಗೆಗಳ ತುದಿಗಳಿಗೆ ಪ್ರೈಮರ್ ಎರಡು ಕೈ ಕೊಡಿ. ಅಂಟು ಹಾಕಿ ಜೋಡಿಸುವ ತುದಿಗಳಿಗೆ ಪ್ರೈಮರ್ ಬೇಡ, ಬಣ್ಣದ ಮೇಲೆ ಬಿಳಿ ಅಂಟು ಹಿಡಿಯುವುದಿಲ್ಲ. ಅಲ್ಲಿ ಅಂಟೇ ಮುಚ್ಚಳವಾಗುತ್ತದೆ.

ಗುರುತು ಮತ್ತು ತೂತು

ಎರಡು ಬದಿಗಳನ್ನು ಪಕ್ಕಪಕ್ಕ, ಒಳಮುಖ ಮೇಲೆ ಮಾಡಿ, ಪಟ್ಟಿ ಹಚ್ಚಿದ ಮುಂದಂಚುಗಳು ಒಂದಕ್ಕೊಂದು ತಾಗುವಂತೆ ಇಡಿ. "ಎಡ", "ಬಲ", "ಮೇಲೆ", "ಮುಂದೆ" ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಬದಿಗಳು ಕನ್ನಡಿಯ ಪ್ರತಿಬಿಂಬದಂತೆ ಇರಬೇಕು. ಎರಡೂ ಎಡಬದಿ ಆಗಿಬಿಡುವುದೇ ಈ ಹಂತದ ಸಾಮಾನ್ಯ ತಪ್ಪು, ಒಂದು ಹಲಗೆಯೇ ವ್ಯರ್ಥವಾಗುತ್ತದೆ. ಎಲ್ಲ ಎತ್ತರವನ್ನೂ ಕೆಳತುದಿಯಿಂದಲೇ ಅಳೆಯಿರಿ. ಕೆಲವನ್ನು ಮೇಲಿನಿಂದ, ಕೆಲವನ್ನು ಕೆಳಗಿನಿಂದ ಅಳೆದರೆ ಹಲಗೆ ಕುಂಟುತ್ತದೆ.

ಸ್ಥಿರ ಹಲಗೆಯ ಅಡಿ 668ಕ್ಕೆ, ತಲೆ 686ಕ್ಕೆ. ಎರಡೂ ಗೆರೆಗಳನ್ನು ಮೂಲೆಮಟ್ಟದಿಂದ ಎರಡು ಬದಿಗೂ ಒಂದೇ ಎಳೆತದಲ್ಲಿ ಎಳೆಯಿರಿ. ಸ್ಕ್ರೂ ತೂತಿನ ನಡುಗೆರೆ 677. ಅದರ ಮೇಲೆ ಮುಂದಂಚಿನಿಂದ 50, 150, 250ರಲ್ಲಿ 4.5 ಮಿಮೀ ತೂತು ಆರಪಾರ ಕೊರೆದು, ಹೊರಮುಖದಲ್ಲಿ ಸ್ಕ್ರೂ ತಲೆ 1 ಮಿಮೀ ಮುಳುಗುವಷ್ಟು ಕೌಂಟರ್‌ಸಿಂಕ್ ಮಾಡಿ. ಬಿಟ್ ಹೊರಬರುವ ಕಡೆ ರದ್ದಿ ಹಲಗೆ ಇಟ್ಟರೆ ಸಿಬಿರು ಏಳುವುದಿಲ್ಲ. ಮೇಲ್ಹಲಗೆ, ತಳಹಲಗೆಗಳಲ್ಲಿ ತುದಿಯಿಂದ 9 ಮಿಮೀ ಒಳಗೆ ಇದೇ ರೀತಿ ಒಂದೊಂದು ತುದಿಗೆ ಮೂರು.

ಎತ್ತಿಡುವ ಹಲಗೆಗಳ ಪಿನ್ನಿಗೆ 5 ಮಿಮೀ ತೂತು, ಆಳ 10 ಮಿಮೀ. ಕೆಳತುದಿಯಿಂದ 325 (ಬಾಗಿಲ ಹಿಂದಿನದು), 926, 1184, 1442 ಎತ್ತರದಲ್ಲಿ. ಪ್ರತಿ ಎತ್ತರಕ್ಕೂ ಮೇಲೊಂದು ಕೆಳಗೊಂದು 32 ಮಿಮೀ ಅಂತರದಲ್ಲಿ ಹೆಚ್ಚುವರಿ ತೂತು. ಮುಂದಂಚಿನಿಂದ 37 ಮಿಮೀ ಒಂದು ಸಾಲು, ಹಿಂದಂಚಿನಿಂದ 37 ಮಿಮೀ ಇನ್ನೊಂದು ಸಾಲು. ಒಟ್ಟು 48 ತೂತು. ಇಡೀ ಬದಿಗೆ ಸಾಲಾಗಿ ತೂತು ಕೊರೆಯುವ ರೂಢಿ ಇದೆ, ಮನೆಯ ಕಪಾಟಿಗೆ ಅದು ಬೇಕಿಲ್ಲ, ನೋಡಲೂ ಚೆನ್ನಾಗಿರುವುದಿಲ್ಲ. ಉಳಿದ ತುಂಡಿನಲ್ಲಿ 32 ಮಿಮೀ ಅಂತರದ ಮೂರು ನೇರ ತೂತು ಕೊರೆದು, ಅಂಚಿಗೆ ತಡೆಪಟ್ಟಿ ಹೊಡೆದು ಅಚ್ಚು ಮಾಡಿಕೊಳ್ಳಿ. ಆಳದ ಗುರುತಿಗೆ ಬಿಟ್‌ಗೆ ಟೇಪ್ ಸುತ್ತುವಾಗ ಅಚ್ಚಿನ ದಪ್ಪವನ್ನೂ ಸೇರಿಸಿ: 18 + 10 = 28 ಮಿಮೀ. ಇದನ್ನು ಮರೆತವರ ತೂತು ಪಿನ್ನು ನಿಲ್ಲುವಷ್ಟೂ ಇಳಿಯುವುದಿಲ್ಲ.

ಹಿಂಜ್ ತಟ್ಟೆಗಳ (ಬದಿಗೆ ಬಿಗಿಯುವ ಭಾಗ) ನಡುಗೆರೆ ಮುಂದಂಚಿನಿಂದ 37 ಮಿಮೀ, ಎತ್ತರ 83 ಮತ್ತು 585. ಬದಿಗಳು ಮಲಗಿರುವಾಗಲೇ ಗುರುತು ಹಾಕಿ. ಕಪಾಟು ನಿಂತ ಮೇಲೆ ಒಳಗೆ ಕೈಹಾಕಿ ಅಳೆಯುವುದು ಕಷ್ಟ.

ಜೋಡಣೆ

ಮೊದಲು ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ಆಮೇಲೆ ಎಲ್ಲ ಒಳಮುಖಗಳನ್ನು 180ರಲ್ಲಿ ಉಜ್ಜಿ, ಜೋಡಣೆಯ ಜಾಗಕ್ಕೆ ಟೇಪ್ ಅಂಟಿಸಿ, ಪ್ರೈಮರ್ ಅಥವಾ ಸೀಲರ್ ಒಂದು ಕೈ ಹೊಡೆದು ಒಣಗಿಸಿಕೊಳ್ಳಿ. ಕಪಾಟಾದ ಮೇಲೆ ಒಳಮೂಲೆಗೆ ಬ್ರಷ್ ಹೋಗುವುದಿಲ್ಲ.

ಬದಿಗಳನ್ನು ಹಿಂದಂಚಿನ ಮೇಲೆ ನೆಲಕ್ಕೆ ನಿಲ್ಲಿಸಿ, ನಡುವೆ ಸ್ಥಿರ ಹಲಗೆಯನ್ನು ಗೆರೆಗಳ ಮಧ್ಯೆ ಕೂರಿಸಿ. ಹಲಗೆಯ ತುದಿಗೆ ಅಂಟು ಹಚ್ಚಿ ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ಹಚ್ಚಿ, ಪ್ಲೈಯ ತುದಿ ಮೊದಲ ಕೈ ಕುಡಿಯುತ್ತದೆ. ಕ್ಲಾಂಪ್ ಬಿಗಿದು, ಬದಿಯ ತೂತಿನ ಮೂಲಕ 3 ಮಿಮೀ ಬಿಟ್‌ನಿಂದ ಹಲಗೆಯ ತುದಿಯೊಳಕ್ಕೆ 35 ಮಿಮೀ ಆಳ ಕೊರೆಯಿರಿ. ಈ ಮುಂತೂತು ಬಿಟ್ಟರೆ ಸ್ಕ್ರೂ ಪದರಗಳ ನಡುವೆ ಬೆಣೆಯಂತೆ ಹೊಕ್ಕು ಹಲಗೆ ಸೀಳುತ್ತದೆ. ಸ್ಕ್ರೂವನ್ನು ಯಂತ್ರದಿಂದ ಮುಕ್ಕಾಲು ಬಿಗಿದು, ಉಳಿದದ್ದನ್ನು ಕೈಯಿಂದ ಬಿಗಿಯಿರಿ. ಹೊರಬಂದ ಅಂಟನ್ನು ಒದ್ದೆಬಟ್ಟೆಯಿಂದ ಆಗಲೇ ಒರೆಸಿ, ಒಣಗಿದ ಅಂಟಿನ ಮೇಲೆ ಬಣ್ಣ ಕಲೆಯಾಗಿ ಕಾಣುತ್ತದೆ.

ನಂತರ ತಳಹಲಗೆ, ಆಮೇಲೆ ಮೇಲ್ಹಲಗೆ. ಇವೆರಡೂ ಬದಿಗಳ ತುದಿಯನ್ನು ಮುಚ್ಚಿ ಕೂರುತ್ತವೆ. ಬದಿಯ ಭಾರ ನೇರ ತಳಹಲಗೆಗೆ, ಅಲ್ಲಿಂದ ಕಾಲಿಗೆ ಇಳಿಯುತ್ತದೆ, ಸ್ಕ್ರೂ ಮೇಲೆ ತೂಗುವುದಿಲ್ಲ. ಬದಿಯ ತುದಿ ನೀರಿಗೆ ಸಿಗದಿರುವುದೂ ಇದರಿಂದಲೇ.

ಅಂಟು ಹಸಿಯಿರುವಾಗಲೇ ಕಪಾಟನ್ನು ಮುಂಭಾಗ ಕೆಳಗಾಗಿ, ಹಳೆಯ ಹೊದಿಕೆಯ ಮೇಲೆ ಮಲಗಿಸಿ ಕರ್ಣ ಅಳೆಯಿರಿ. ಹೊರ ಅಳತೆ 1736×600. ಎರಡೂ ಕರ್ಣ 1837ರ ಹತ್ತಿರ, ಒಂದಕ್ಕೊಂದು ಸಮ ಬರಬೇಕು. ಒಂದು ಉದ್ದವಿದ್ದರೆ ಆ ಎರಡು ಮೂಲೆಗಳಿಗೆ ಉದ್ದ ಕ್ಲಾಂಪ್ ಹಾಕಿ, ಇಲ್ಲವೇ ಹಗ್ಗ ಬಿಗಿದು ಎಳೆಯಿರಿ. ಸಮವಾದ ಕೂಡಲೇ ಬೆನ್ನಿನ ಹಾಳೆಯನ್ನು ಕೂರಿಸಿ, 150 ಮಿಮೀಗೊಂದರಂತೆ ಸ್ಕ್ರೂ ಹೊಡೆಯಿರಿ, ಸ್ಥಿರ ಹಲಗೆಯ ಬೆನ್ನಿಗೂ ನಾಲ್ಕು. ಕಪಾಟನ್ನು ನೇರ ಹಿಡಿದಿಡುವುದು ಈ 6 ಮಿಮೀ ಬೆನ್ನೇ. ಕರ್ಣ ನೋಡದೆ ಬೆನ್ನು ಹೊಡೆದರೆ ಓರೆಯೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ, ಆಮೇಲೆ ಯಾವ ಹಿಂಜ್ ತಿರುಗಿಸಿದರೂ ಬಾಗಿಲ ಸಂದು ಸರಿಹೋಗುವುದಿಲ್ಲ. ರಾತ್ರಿಯಿಡೀ ಬಿಡಿ. ಮಳೆಗಾಲದಲ್ಲಿ ಪೂರ್ತಿ ಒಂದು ದಿನ.

ಕಾಲುಗಳನ್ನು ತಳಹಲಗೆಯ ಮೂಲೆಗಳಲ್ಲಿ, ತುದಿಯಿಂದ 45 ಮಿಮೀ ಒಳಗೆ ನಡುಬಿಂದು ಬರುವಂತೆ 16 ಮಿಮೀ ಸ್ಕ್ರೂಗಳಿಂದ ಬಿಗಿಯಿರಿ. 20 ಮಿಮೀ ಸ್ಕ್ರೂ ಹಾಕಿದರೆ ಕಪಾಟಿನೊಳಗೆ ಮೊನೆ ಎದ್ದುಬರುತ್ತದೆ.

ಬಾಗಿಲು

ಬಾಗಿಲ ಒಳಮುಖದಲ್ಲಿ ಹಿಂಜ್ ಬಟ್ಟಲಿನ (ಬಾಗಿಲೊಳಗೆ ಇಳಿಯುವ ದುಂಡು ಭಾಗ) ನಡುಬಿಂದು ಕೆಳಗಿನಿಂದ 100 ಮತ್ತು 602 ಮಿಮೀ, ಪಕ್ಕದಂಚಿನಿಂದ 22 ಮಿಮೀ. 35ರ ಬಿಟ್ಟಿನಿಂದ 12 ಮಿಮೀ ಆಳ. ಉಳಿಯುವುದು ಬರೀ 6 ಮಿಮೀ ಮತ್ತು ಬಿಟ್ಟಿನ ಮೊನೆ ಇನ್ನೂ ಮುಂದೆ ಚಾಚಿರುತ್ತದೆ, ಹಾಗಾಗಿ ಕೊನೆಯ ಮಿಮೀಗಳಲ್ಲಿ ನಿಲ್ಲಿಸಿ ನಿಲ್ಲಿಸಿ ಅಳೆಯಿರಿ. ಮೊದಲು ರದ್ದಿ ತುಂಡಿನಲ್ಲಿ ಒಂದು ಬಟ್ಟಲು ಕೊರೆದು ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಬಾಗಿಲು ತಳಹಲಗೆಯನ್ನೂ ಸ್ಥಿರ ಹಲಗೆಯನ್ನೂ ಸುಮಾರು 16.5 ಮಿಮೀ ಮುಚ್ಚುತ್ತದೆ. ಪಕ್ಕಗಳಲ್ಲಿ ಒಂದೂವರೆ, ನಡುವೆ 3 ಮಿಮೀ ಸಂದು ಉಳಿಯುತ್ತದೆ. ಮಳೆಗಾಲದ ಉಬ್ಬಿಗೆ ಈ 3 ಮಿಮೀ ಬೇಕು, ಅಂದಕ್ಕೆಂದು ಕಮ್ಮಿ ಮಾಡಬೇಡಿ. ಹಿಂಜ್‌ನ ಮುಂದಿನ ಸ್ಕ್ರೂ ಬಾಗಿಲನ್ನು ಎಡಬಲಕ್ಕೆ, ಹಿಂದಿನದು ಒಳಹೊರಗೆ, ತಟ್ಟೆಯ ಉದ್ದ ತೂತುಗಳು ಮೇಲೆಕೆಳಗೆ ಸರಿಸುತ್ತವೆ. ಕಪಾಟು ತನ್ನ ಜಾಗದಲ್ಲಿ ಮಟ್ಟಸವಾಗಿ ನಿಲ್ಲುವ ಮುನ್ನ ಇವನ್ನು ತಿರುಗಿಸಬೇಡಿ. ನೆಲ ಬಾಲ್ಕನಿಯ ಕಡೆಗೋ ಮೋರಿಯ ಕಡೆಗೋ ಇಳಿಜಾರಾಗಿರುವುದರಿಂದ ಮೊದಲು ಕಾಲು ತಿರುಗಿಸಿ ಮಟ್ಟ ಮಾಡಿ. ಬಾಗಿಲ ದೋಷ ಅರ್ಧ ಅಲ್ಲೇ ಮಾಯವಾಗುತ್ತದೆ.

ಬಣ್ಣ

ಬಾಗಿಲು ಕಳಚಿ ಬೇರೆಯಾಗಿ ಬಣ್ಣ ಹಚ್ಚಿ. ಸ್ಕ್ರೂ ತಲೆಗಳ ಗುಂಡಿಗೆ ಪುಟ್ಟಿ, 180ರ ಉಜ್ಜು, ಪ್ರೈಮರ್, 320ರ ಹಗುರ ಉಜ್ಜು, ನಂತರ ಎನಾಮೆಲ್ ಎರಡು ಕೈ. ಮರದ ಎಳೆ ಕಾಣಬೇಕೆಂದರೆ ನೀರು ಬೆರೆಸುವ ಪಿಯು (ಪಾಲಿಯುರೆಥೇನ್) ಪಾಲಿಶ್. ಒಳಹೊರಗು ಸೇರಿ ಸುಮಾರು 8 ಚದರ ಮೀಟರ್ ಇದೆ. ಪ್ರತಿ ಬಾಗಿಲಿನ ಎರಡೂ ಮುಖಕ್ಕೆ ಒಂದೇ ಬಣ್ಣ, ಅಷ್ಟೇ ಕೈ ಕೊಡಿ. ಒಂದು ಮುಖ ಮುಚ್ಚಿ ಇನ್ನೊಂದು ಬರಿದಾಗಿದ್ದರೆ ಬರಿಯ ಮುಖ ಮಾತ್ರ ತೇವ ಕುಡಿದು ಹಿಗ್ಗುತ್ತದೆ, ಬಾಗಿಲು ಸೊಟ್ಟಗಾಗುತ್ತದೆ. ಮೈಕಾ ಅಂಟಿಸುವವರೂ ಹೊರಗೆ 1 ಮಿಮೀ ಹಾಕಿದರೆ ಒಳಗೆ ತೆಳು ಹಾಳೆಯನ್ನಾದರೂ ಅಂಟಿಸಬೇಕಾದದ್ದು ಇದೇ ಕಾರಣಕ್ಕೆ.

ಜುಲೈ ತಿಂಗಳಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಪಾಲಿಶ್ ಮಾಡಿಸಬೇಡಿ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಪದರದೊಳಗೆ ಸಿಕ್ಕಿಕೊಳ್ಳುತ್ತದೆ, ಪಾಲಿಶ್ ಹಾಲುಬಿಳುಪಾಗುತ್ತದೆ. ಅಕ್ಟೋಬರ್ ನಂತರ ಮಾಡಿದರೆ ಈ ಕಾಟವಿಲ್ಲ.

ಗೋಡೆಗೆ ಬಿಗಿಯುವುದು

ಆರಡಿ ಎತ್ತರ, ಒಂದಡಿ ಆಳದ ಕಪಾಟನ್ನು ಗೋಡೆಗೆ ಬಿಗಿಯದೆ ಬಿಡಬಾರದು. ಮಗು ಹಲಗೆ ಹಿಡಿದು ಹತ್ತಿದರೆ ಅದು ಮುಂದಕ್ಕೆ ಬೀಳುತ್ತದೆ.

ಬೆನ್ನಿಗೂ ಗೋಡೆಗೂ ನಡುವೆ 18 ಮಿಮೀ ತುಂಡುಗಳನ್ನು ಮೇಲೆರಡು, ಕೆಳಗೆರಡು ಇಟ್ಟು ಗಾಳಿ ಆಡಲು ಬಿಡಿ. ಈ ತುಂಡುಗಳಿಗೂ ಪ್ರೈಮರ್ ಬೇಕು. ಬ್ರಾಕೆಟ್‌ಗಳನ್ನು ಮೇಲ್ಹಲಗೆಯ ಮೇಲಿಟ್ಟು 16 ಮಿಮೀ ಸ್ಕ್ರೂಗಳಿಂದ ಬಿಗಿಯಿರಿ. ಬ್ರಾಕೆಟ್ 75 ಮಿಮೀ ಉದ್ದ ಇರಬೇಕಾದದ್ದು ಈ ಅಂತರವನ್ನು ದಾಟಿ ಹಲಗೆಯ ಗಟ್ಟಿ ಭಾಗಕ್ಕೆ ತಲುಪಲು. ಗೋಡೆಗೆ 8 ಮಿಮೀ ಪ್ಲಗ್. ಹಳೆಯ ಇಟ್ಟಿಗೆ ಗೋಡೆಯಲ್ಲಿ ಗಾರೆಯ ಪದರವೇ ದಪ್ಪವಿರುತ್ತದೆ, ಪ್ಲಗ್ ಗಾರೆಯಲ್ಲೇ ನಿಂತರೆ ಕಿತ್ತುಬರುತ್ತದೆ. ಇಟ್ಟಿಗೆ ತಲುಪುವಷ್ಟು ಉದ್ದದ್ದು ಹಾಕಿ. ಹೊಸ ಗೋಪುರಗಳ ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಡ್ರಿಲ್ ಬೇಕು. ಬೂದುಬಣ್ಣದ ಹಗುರ ಎಎಸಿ ಬ್ಲಾಕಿನ ಗೋಡೆಯಾದರೆ ಅದಕ್ಕೆಂದೇ ಮಾಡಿದ ಉದ್ದ ಪ್ಲಗ್ ಕೇಳಿ ತನ್ನಿ, ಮಾಮೂಲು ಪ್ಲಗ್ ಅದರಲ್ಲಿ ಪುಡಿಮಾಡಿಕೊಂಡು ತಿರುಗುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ಕೆಳಗೆ ಎಲ್ಲೂ ಕೊರೆಯಬೇಡಿ, ತಂತಿಯ ಪೈಪು ಅಲ್ಲೇ ಇರುತ್ತದೆ.

ಭಾರದ ಡಬ್ಬಿಗಳು ಕೆಳಗೆ ಬಾಗಿಲ ಹಿಂದೆ, ಹಗುರವಾದದ್ದು ಮೇಲೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಟಾರ್ಚ್ ಹಿಡಿದು ಬೆನ್ನ ಹಿಂದಿನ ಸಂದಿಯನ್ನೊಮ್ಮೆ ನೋಡಿ: ಗೋಡೆಯ ಮೇಲೆ ಗೆದ್ದಲಿನ ಮಣ್ಣುಗೆರೆ ಇದೆಯೇ, ತಳದ ಅಂಚಿನಲ್ಲಿ ಬಣ್ಣ ಬಿರಿದಿದೆಯೇ. ಬಿರಿದಿದ್ದರೆ ಅಲ್ಲಿ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಒಂದೊಂದು ಕೈ ಹಚ್ಚಿ, ಮಳೆ ಹಿಡಿಯುವ ಮುಂಚೆ ಒಣಗಿಸಿಬಿಡಿ.